ಕಿತ್ತೂರಿನ ಮಂಟಪದಲ್ಲಿ ಹರಿದ ಚೀಟಿ

ದೋಸ್ತ ಮಲ್ಲಪ್ಪಾ,

ಮೊದಲಿಗೆ ತಪ್ಪೊಪ್ಪಿಗೆ. ಬೈಲಹೊಂಗಲದ ಕಾಯಂ ರಹಿವಾಸಿಯೂ, ಬಿ.ಎಸ್ಸಿ.ಯಲ್ಲಿ ಎರಡನೇ ದರ್ಜೆಯವನೂ, ಬುದ್ಧಿ ಸ್ಥಿಮಿತದಲ್ಲಿರುವವನೂ ಆದ ವಿರೂಪಾಕ್ಷನೆಂಬ ನಾನು, ಕಿತ್ತೂರಿನ ಒಂದು ಕಲ್ಯಾಣ ಮಂಟಪದಲ್ಲಿ, ಊಟದ ಹೊತ್ತಿಗೆ, ಯಾರ ಒತ್ತಾಯವೂ ಇಲ್ಲದೆ, ಅಂಗೈಯಗಲದ ಒಂದು ಚೀಟಿಯನ್ನು ಕದ್ದೆ. ಮಾಲಿನ ಮಾಲೀಕ ನೀನು. ಕಳುವಾದದ್ದು ನಿನಗೆ ಗೊತ್ತಿತ್ತು, ಕಳ್ಳನೂ ಗೊತ್ತಿದ್ದ. ನೀನು ಫಿರ್ಯಾದಿ ಕೊಡಲಿಲ್ಲ. ಕೊಟ್ಟಿದ್ದರೆ ಈ ಕಾಗದ ಬರೆಯುವ ಪ್ರಸಂಗ ಬರುತ್ತಿರಲಿಲ್ಲವೇನೋ.

ಬಸ್‌ಸ್ಟ್ಯಾಂಡಿನ ಎದುರಿನ ನಿನ್ನ ಇಂಟರ್‌ನೆಟ್ ಅಂಗಡಿ ನೆನಪಾಗುತ್ತದೆ. ನಾಲ್ಕು ಕಂಪ್ಯೂಟರು, ಐದು ಕುರ್ಚಿ, ಗಿರಾಕಿಗಿಂತ ಜಾಸ್ತಿ ಗೊರಕೆ ಹೊಡೆಯುವ ಒಂದು ಫ್ಯಾನು. ನೀನು ದೊಡವಾಡದಿಂದ ಮೊದಲ ಬಸ್ಸಿಗೆ ಬಂದು ಬಾಗಿಲು ತೆಗೆಯುತ್ತಿದ್ದೆ. ಓದಿದ್ದು ಪಿಯುಸಿ, ಅದೂ ಇಂಗ್ಲಿಷಿನ ಹೊಸ್ತಿಲು ಎಡವಿ. ಆದರೆ ಮಂದಿಯ ಮಶಿನ್ನಿನಲ್ಲಿ ವೈರಸ್ಸು ಎಲ್ಲಿ ಅಡಗಿದೆ, ಯಾವ ಕಳ್ಳ ಯಾವ ಸಂದಿಯಿಂದ ನುಗ್ಗಿದ, ಎಲ್ಲ ನಿನಗೆ ವಾಸನೆಗೇ ತಿಳಿಯುತ್ತಿತ್ತು. ನನಗೆ ಮೌಸು ಹಿಡಿಯುವುದರಿಂದ ಕಳ್ಳನನ್ನು ಹಿಡಿಯುವವರೆಗೆ ಕಲಿಸಿದವನು ನೀನು. ಒಮ್ಮೆ ಭಕ್ತಿಯಿಂದ ಗುರುವೇ ಎಂದೆ. "ಯಾಂವಲೇ ಗುರು? ಗುರುಗೋಳು ಮಠದಾಗ ಇರತಾರ. ದೋಸ್ತ ಅನ್ನು, ಇಲ್ಲಾಂದ್ರ ಚಾ ತರಿಸು" ಎಂದು ನೀನು ಬೈದಿದ್ದೆ. ಅದಕ್ಕೇ ಮೇಲೆ ದೋಸ್ತ ಎಂದು ಬರೆದಿದ್ದು.

ಆ ಆಮಂತ್ರಣ ಬಂದ ದಿನ ನೆನಪಿದೆಯೇ? ಕಂಪ್ಯೂಟರ್ ಭದ್ರತೆಯ ಕೆಲಸಕ್ಕೆ ಹೊಸದಾಗಿ ಇಳಿದವರ ಪರಿಚಯ ಕೂಟ. ಬೆಳಗಾವಿಯವರಿಗೂ ಧಾರವಾಡದವರಿಗೂ ನಡುದಾರಿ ಎಂದು ಕಿತ್ತೂರಿನಲ್ಲಿ ಇಟ್ಟಿದ್ದರು. ಅಲ್ಲಿಗೆ ಒಂದು ಸಹಕಾರಿ ಬ್ಯಾಂಕಿನ ಮ್ಯಾನೇಜರರು ಬರುವವರಿದ್ದರು, ಅವರ ಕಂಪ್ಯೂಟರು ಕಾಯಲು ಒಬ್ಬ ಮನುಷ್ಯ ಬೇಕಾಗಿತ್ತು. ಒಬ್ಬನೇ. "ಈ ನೌಕರಿ ಸಿಕ್ರ ಸಾಕಲೇ ವಿರುಪ್ಯಾ, ಅಂಗಡಿ ಬಾಡಿಗಿ ತಲಿಬ್ಯಾನಿ ಬಿಡತೈತಿ" ಎಂದು ನೀನು ಅಂಗಿಗೆ ಎರಡು ಸಲ ಇಸ್ತ್ರಿ ಹೊಡೆಸಿದ್ದೆ. ಮಂಟಪದಲ್ಲಿ ಹಿಂದಿನ ದಿನದ ಮದುವೆಯ ಹೂವು ಇನ್ನೂ ಬಾಡಿರಲಿಲ್ಲ. ಅದರ ಕೆಳಗೆ ಕೋಟು ತೊಟ್ಟವರು ಕಾರ್ಡು ಹಂಚುತ್ತ ತಿರುಗುತ್ತಿದ್ದರು. ಕಿತ್ತೂರಿನಲ್ಲೇ ನಿಂತಿದ್ದರೂ ಕೋಟಿನವರೇ ಬಹಳ, ಕೋಟೆ ಕಾಯುವವರು ಕಾಣಲಿಲ್ಲ.

ನೀನು ಮಂಟಪವೆಂದರೆ ಮದುವೆಯೇ ಎಂಬಂತೆ ಒಬ್ಬೊಬ್ಬರ ಪಕ್ಕ ಕುಳಿತು ವಿಚಾರಿಸತೊಡಗಿದ್ದು ಕಣ್ಣಿಗೆ ಕಟ್ಟಿದಂತಿದೆ. "ಯಾರ ಪೈಕಿರಿ ನೀವು? ತಾಯಿ ತವರಮನಿ ಯಾವೂರು? ಮುನವಳ್ಳಿನಾ? ಹಂಗಾರ ನಮ್ಮ ಬೀಗರ ಊರ ಆತು. ಮನಿದೇವರು? ಸಾಲಿ ಎಲ್ಲಿ ಕಲತ್ರಿ?" ಕೋಟಿನವರೂ ಕರಗಿ ತವರುಮನೆಯಿಂದ ಎತ್ತಿನ ಹೆಸರಿನವರೆಗೆ ಹೇಳಿದರು. ಹಿಂದಿನಿಂದ ಯಾರೋ, "ಹೆಣ್ಣ ನೋಡಾಕ ಬಂದಾನೇನ ಇಂವ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಿನ್ನ ಜೊತೆ ಬಂದವನು ನಾನೆಂದು ತಿಳಿಯಬಾರದೆಂದು ನಾಲ್ಕು ಕುರ್ಚಿ ಆಚೆ ಸರಿದು ಕುಳಿತದ್ದನ್ನು ನೀನು ನೋಡಿದೆಯಾ?

ಊಟಕ್ಕೆ ಎದ್ದಾಗ ನೀನು ನನ್ನನ್ನು ಕಂಬದ ಮರೆಗೆ ಕರೆದು ಚೀಟಿ ತೋರಿಸಿದೆ. ಹದಿನಾಲ್ಕು ಹೆಸರು, ಒಂದೊಂದರ ಮುಂದೆ ತಾಯಿಯ ಊರು, ಮೊದಲ ಶಾಲೆ, ಎತ್ತು, ನಾಯಿ. "ಪಾಸ್‌ವರ್ಡ್ ಮರತೇನಿ ಅಂದ್ರ ಈಮೇಲಿನವರು ಏನ ಕೇಳತಾರ? ಇದನ್ನ ಕೇಳತಾರ. ಉತ್ತರಾ ಹೇಳಿದ್ರ ಬಾಗಲಾ ತಗೀತಾರ. ಇಲ್ಲಿ ಹದಿನಾಲ್ಕ ಮಂದಿ ಕೀಲಿ ಕೈ ನನ್ನ ಕಿಸೆದಾಗ ಐತಿ ನೋಡು. ಯಾರ ಪೈಕಿ ಅಂತ ಕೇಳಿದ್ರ ನಮ್ಮ ಮಂದಿಗೆ ಸುಳ್ಳ ಹೇಳಾಕ ಬರೂದುಲ್ಲೋ." ನಾನು ಬೆರಗಾದೆ. ಅಲ್ಲಿದ್ದವರೆಲ್ಲ ಸುಶಿಕ್ಷಿತರು, ಸುರಕ್ಷಿತರು ಒಬ್ಬರೂ ಇರಲಿಲ್ಲ. "ಉಂಡ ಮ್ಯಾಲೆ ಮ್ಯಾನೇಜರಿಗೆ ತೋರಸ್ತೇನಿ. ಹಿಡಿ, ಕೈ ತೊಳಕೊಂಡ ಬರತೇನಿ" ಎಂದು ಚೀಟಿ ನನ್ನ ಕೈಗಿಟ್ಟು ಹೋದೆ.

ನಳದ ಮುಂದೆ ಸಾಲು ಉದ್ದವಿತ್ತು. ನಿರೂಪಕ ಮೈಕಿನಲ್ಲಿ, ಹೊಸಬರು ಯಾರಾದರೂ ಎರಡು ಮಾತಾಡುತ್ತೀರಾ ಎಂದ. ನನ್ನ ಕಾಲು ಏಕೆ ಎದ್ದವೋ... ಕಾಲಿನ ಮೇಲೆ ಹಾಕುವುದು ಸುಲಭ, ಎದ್ದವನು ನಾನು. ಚೀಟಿ ಎತ್ತಿ ಹಿಡಿದು, ಮುಂಜಾನೆಯಿಂದ ನಾನು ಮಾಡಿದ ಪ್ರಯೋಗ ಇದು ಎಂದೆ. ಗೆಳೆಯನೊಬ್ಬನನ್ನು ಸುಮ್ಮನೆ ಮಂದಿಯಲ್ಲಿ ತಿರುಗಾಡಿಸಿದೆ ಎಂದೆ. ಹುಣಸೆಹಣ್ಣಿನಂಥ ಇಂಗ್ಲಿಷು ನಡುನಡುವೆ ಹಿಂಡಿದೆ. ಕೊನೆಗೆ, ನಿಮ್ಮ ಗುಟ್ಟು ನನ್ನಲ್ಲಿ ಭದ್ರ ಎಂದು ಚೀಟಿಯನ್ನು ಎಲ್ಲರೆದುರು ಚೂರು ಚೂರು ಹರಿದೆ. ಚಪ್ಪಾಳೆ ಬಿದ್ದಾಗ ನೀನು ಬಾಗಿಲಲ್ಲಿ ನಿಂತಿದ್ದೆ. ಒದ್ದೆ ಕೈ ಒರೆಸಿಕೊಳ್ಳದೆ ಹಾಗೇ ಹಿಡಿದಿದ್ದೆ.

ತಿರುಗಿ ಬರುವ ಬಸ್ಸಿನಲ್ಲಿ ನೀನು ಆಡಿದ್ದು ಎರಡೇ ಮಾತು. "ಚಲೋ ಹೇಳಿದಿ. ನಾ ಆಗಿದ್ರ ತೊದಲತಿದ್ದೆ." ಆಮೇಲೆ ಊರು ಬಂದಾಗ, "ಆ ಚೀಟಿ ಹರಿಬಾರದಿತ್ತಲೇ. ಅದರ ಹಿಂಬದಿಗೆ ನಮ್ಮವ್ವನ ಗುಳಿಗಿ ಹೆಸರ ಬರಕೊಂಡಿದ್ನಿ." ಅವತ್ತು ಔಷಧಿ ಅಂಗಡಿಯಲ್ಲಿ ನಿಂತು, ಸಣ್ಣದು, ಕೆಂಪಗಿರ್ತೈತಿ, ಎಂದು ನೀನು ಕೈಯಲ್ಲಿ ಆಕಾರ ತೋರಿಸುತ್ತಿದ್ದುದನ್ನು ರಸ್ತೆಯ ಈಚೆಯಿಂದ ನೋಡಿದೆ. ದಾಟಿ ಬರಲಿಲ್ಲ. ಬಂದಿದ್ದರೆ ಏನು ಹೇಳುತ್ತಿದ್ದೆ?

ನೌಕರಿಯ ಕಾಗದ ನನ್ನ ಹೆಸರಿಗೆ ಬಂದಾಗ ಪೇಢೆ ಕೊಡಲು ಬಂದೆ. ನೀನು ಅರ್ಧ ತಿಂದು ಅರ್ಧ ನನ್ನ ಬಾಯಿಗೆ ಇಟ್ಟೆ. ಎರಡು ವರ್ಷಕ್ಕೆ ನಿನಗೆ ಕಾಮಾಲೆ. ಬ್ಯಾಂಕಿಗೆ ರಜೆ ಹಾಕಿ ನೋಡಲು ಬರಬೇಕೆಂದುಕೊಂಡೆ, ಮುಂದಿನ ವಾರ, ಅದರ ಮುಂದಿನ ವಾರ... ನೀನು ವಾರ ಕಾಯುವ ಮನುಷ್ಯನೇ ಅಲ್ಲ, ಹೊರಟೇ ಹೋದೆ. ಅಂಗಡಿ ಈಗ ಬೇಕರಿಯಾಗಿದೆ. ನಿನ್ನ ಫ್ಯಾನು ಅಲ್ಲೇ ಇದೆ, ಈಗ ಖಾರಿ ಬಿಸ್ಕೀಟಿನ ಮೇಲೆ ಗೊರಕೆ ಹೊಡೆಯುತ್ತದೆ.

ಇನ್ನು ನಿನಗೆ ತಿಳಿಯದ ಸುದ್ದಿ. ಕಳೆದ ಭಾನುವಾರ ಅದೇ ಮಂಟಪದಲ್ಲಿ ಹೊಸಬರ ಕೂಟ ನಡೆಯಿತು. ಮುಖ್ಯ ಅತಿಥಿ ನಾನೇ. ನಿನ್ನ ಆಟವನ್ನೇ ಆಡಿಸಿದೆ, ನನ್ನ ಆಟವೆಂದು ಹೇಳಿ. ನಾನೂ ಸೇರಿ ಒಪ್ಪಿದ ಹನ್ನೆರಡು ಜನ ತಮ್ಮ ಈಮೇಲಿನ ಗುಟ್ಟಿನ ಪ್ರಶ್ನೆ ಬರೆದುಕೊಟ್ಟಿದ್ದೆವು; ಬರೀ ಮಾತಾಡಿಸಿ ಅದಕ್ಕೆ ಉತ್ತರ ಹೊರಡಿಸಬೇಕು. ರಾಮದುರ್ಗದಿಂದ ಬಂದ ಗಿರಿಜಾ ಎಂಬ ಹುಡುಗಿ, ಈಗಷ್ಟೇ ಕೆಲಸಕ್ಕೆ ಸೇರಿದವಳು, ಯಾರ ಪೈಕಿರಿ ಎನ್ನುತ್ತ ಹನ್ನೊಂದು ಬಾಗಿಲು ತೆಗೆದಳು. ನಿನ್ನ ಹಾಗೆಯೇ, ನಗುನಗುತ್ತ. ತೆರೆಯದೆ ಉಳಿದದ್ದು ಒಂದೇ, ನನ್ನದು. ಇಡೀ ಮಂಟಪದಲ್ಲಿ ಅತಿ ಗಟ್ಟಿ ಬೀಗ ಸಾಹೇಬರದೇ ಎಂದು ನಿರೂಪಕ ಕೂಗಿ ಶಾಲು ಹೊದಿಸಿದ. ಹೊದ್ದುಕೊಂಡೆ.

ಚಹಾದ ಹೊತ್ತಿಗೆ ಆ ಹುಡುಗಿ ಬಳಿಗೆ ಬಂದಳು. "ಸರ, ನಿಮ್ಮ ಪ್ರಶ್ನಿ, ಮೊದಲ ಗುರು ಯಾರಂತ ಇತ್ತು. ಅದಕ್ಕ ಮೈಕಿನ್ಯಾಗ ಕೇಳಿದ್ನಿ, ಈ ಕೆಲಸ ಯಾರ ಕಡೆ ಕಲತ್ರಿ ಅಂತ. ಯಾರೂ ಇಲ್ಲವಾ, ನನ್ನಷ್ಟಕ್ಕ ನಾನ ಕಲತೇನಿ ಅಂದ್ರಿ. ಖರೇನ ಯಾರೂ ಇಲ್ಲೇನ್ರಿ?"

"ಅದ ಟ್ರಿಕ್ಕ್ ನೋಡವಾ" ಎಂದೆ. ಅವಳು ಅದನ್ನು ವಹಿಯಲ್ಲಿ ಬರೆದುಕೊಂಡಳು.

ಆ ಪ್ರಶ್ನೆಯ ನಿಜವಾದ ಉತ್ತರ ನಿನ್ನ ಅಂಗಡಿಯಲ್ಲಿ, ಮೂರನೇ ನಂಬರಿನ ಕಂಪ್ಯೂಟರಿನಲ್ಲಿ, ನೀನು ಚಹಾ ಹೇಳಲು ಹೊರಗೆ ಹೋಗಿದ್ದಾಗ ನಾನು ಟೈಪು ಮಾಡಿದ್ದು. ಮೂರಕ್ಷರ, ಮಲ್ಲಪ್ಪ. ಇವತ್ತಿಗೂ ಬದಲಿಸಿಲ್ಲ. ಬೀಗ ಗಟ್ಟಿಯೇನಲ್ಲ ಗುರುವೇ. ಇಷ್ಟು ವರ್ಷ ಯಾರ ಮುಂದೆಯೂ ನಾನು ನಿನ್ನ ಹೆಸರು ಹೇಳಿಲ್ಲ, ಅಷ್ಟೇ.

ವಿರುಪ್ಯಾ