ಎಡಗಡೆಯ ಕುರ್ಚಿ

ಮನೆಯಿಂದ,
ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಅತ್ತಿಗೆ ತಂದ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀಯೋ, ಶೀಶೆಯನ್ನು ಕಿಟಕಿಯಲ್ಲಿಟ್ಟು ಅದರ ಮುಖ ನೋಡುತ್ತಿದ್ದೀಯೋ? ನಾವೆಲ್ಲ ಚೆನ್ನಾಗಿದ್ದೇವೆ.

ಗಾಬರಿಯಾಗಬೇಡ, ಹೋದ ವಾರ ನನ್ನ ಎಡಗಣ್ಣಿನ ಆಪರೇಷನ್ ಆಯಿತು. ಮೊದಲೇ ತಿಳಿಸಿದ್ದರೆ ನೀನು ಅನ್ನನೀರು ಬಿಡುತ್ತಿದ್ದೆ, ಅದಕ್ಕೇ ಸುಮ್ಮನಿದ್ದೆ. ಈಚೆಗೆ ಆ ಕಣ್ಣು ಹೊರಗಡೆಗೆ ವಾಲುತ್ತಾ ಹೋಗಿ ಹೊಲಿಗೆ ಅಂಗಡಿಯಲ್ಲಿ ಅದೇ ಒಂದು ತಮಾಷೆಯಾಗಿತ್ತು. ನಾನು "ಬನ್ನಿ, ಅಳತೆ ತಗೋತೀನಿ" ಎಂದರೆ ಇಬ್ಬರು ಗಿರಾಕಿಗಳು ಒಟ್ಟಿಗೇ ಎದ್ದು ಬರುತ್ತಿದ್ದರು. ಅವರ ಜೊತೆ ನಾನೂ ನಗುತ್ತಿದ್ದೆ. ಮನೆಗೆ ಬಂದು ಕನ್ನಡಿಗೆ ಬೆನ್ನು ಹಾಕಿ ತಲೆ ಬಾಚಿಕೊಳ್ಳುತ್ತಿದ್ದೆ.

ಡಾಕ್ಟರಮ್ಮ ಕಣ್ಣಿನ ಸ್ನಾಯುಗಳನ್ನು ಸರಿಪಡಿಸಿ ನೆಟ್ಟಗೆ ಮಾಡಿದ್ದಾರೆ. ನೋಟ ಮಾತ್ರ ಮೊದಲಿನಷ್ಟೇ. ಮುಂದೆಂದಾದರೂ ಮತ್ತೆ ವಾಲಿದರೂ ವಾಲಬಹುದಂತೆ. ವಾಲಲಿ ಬಿಡು, ಅಲ್ಲಿಯವರೆಗಾದರೂ ಮೆರೆಯುತ್ತೇನೆ! ಆದರೆ ಅವರ ಒಂದು ಮಾತನ್ನು ನಿನಗೆ ಹೇಳಲೇಬೇಕು. ಐದನೇ ವಯಸ್ಸಿಗೇ ಅಂಥ ಪೆಟ್ಟು ತಿಂದ ಕಣ್ಣು ಇವತ್ತಿಗೂ ದಪ್ಪಕ್ಷರ ಓದುತ್ತದಲ್ಲ ಎಂದು ಅವರಿಗೇ ಆಶ್ಚರ್ಯ. "ಚಿಕ್ಕವರಿದ್ದಾಗ ಒಳ್ಳೇ ಕಣ್ಣಿಗೆ ಪಟ್ಟಿ ಕಟ್ಟಿ ಇದಕ್ಕೆ ಕೆಲಸ ಕೊಟ್ಟಿದ್ಯಾರು? ಅವರಿಂದ್ಲೇ ಇಷ್ಟು ಉಳಿದಿರೋದು" ಎಂದರು. ನಮ್ಮಣ್ಣ ಎಂದೆ. ನಿನ್ನ ಕವಣೆಯ ಕಲ್ಲು ಈ ಕಣ್ಣಿಗೆ ತಗಲಿದ್ದನ್ನು ನೆಂಟರೆಲ್ಲ ನೆನಪಿಟ್ಟುಕೊಂಡಿದ್ದಾರೆ. ನಾನು ಪಟ್ಟಿ ಕಿತ್ತೆಸೆದು ರಚ್ಚೆ ಹಿಡಿದಾಗ ನೀನೂ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಗೆಳೆಯರನ್ನೆಲ್ಲ ಬಿಟ್ಟು, ನನ್ನ ಜೊತೆ ಕೀಲಿಕೈಯನ್ನು ಮೊಳೆಗೆ ನೇತುಹಾಕುವ ಪಂದ್ಯ ಆಡುತ್ತಿದ್ದದ್ದು ಯಾರಿಗೆ ನೆನಪಿದೆ? ನನಗಿದೆ. ಬೇಕೆಂದೇ ಸೋಲುವ ನಾಟಕ ನಿನಗೆ ಸ್ವಲ್ಪವೂ ಬರುತ್ತಿರಲಿಲ್ಲ.

ದೂರ ಹತ್ತಿರ ತಿಳಿಯದೆ ನಾನು ಚಹಾವನ್ನೆಲ್ಲ ಮೇಜಿಗೆ ಕುಡಿಸುತ್ತಿದ್ದಾಗ "ಕೆಟಲಿನ ಮೂತೀನ ಲೋಟಕ್ಕೆ ತಾಗ್ಸಿ ಸುರಿ, ಗುಬ್ಬಿ" ಎಂದು ಕಲಿಸಿದವನೂ ನೀನೇ. ಇವತ್ತಿಗೂ ಹಾಗೇ ಸುರಿಯುತ್ತೇನೆ. ಎರಡು ಕಣ್ಣೂ ಸರಿಯಿರುವ ನಮ್ಮನೆಯವರೂ ಮಗಳೂ ಹಾಗೇ ಸುರಿಯುತ್ತಾರೆ! ಮೊನ್ನೆ ಅವಳ ಗೆಳತಿ ಯಾಕೆ ಹೀಗೆ ಎಂದು ಕೇಳಿದರೆ, "ಮತ್ತಿನ್ನು ಹೇಗೆ ಸುರೀತಾರೆ?" ಎಂದಳು. ನಿನ್ನ ಪಾಠ ನೋಡು, ಎಲ್ಲಿಯವರೆಗೆ ಬಂದಿದೆ.

ಅತ್ತಿಗೆಗೆ ನಮಸ್ಕಾರ ಹೇಳು, ಮಕ್ಕಳ ಕೆನ್ನೆಗೊಂದೊಂದು ಮುತ್ತು.

ನಿನ್ನ ತಂಗಿ,
ಗುಬ್ಬಿ

ಮರೆತಿದ್ದೆ: ಚಿಕ್ಕಂದಿನಲ್ಲಿ ನನ್ನ ಪಟ್ಟಿ ಬಿಚ್ಚಿದ ದಿನದಿಂದ ನೀನು ಊಟಕ್ಕೆ ಸದಾ ನನ್ನ ಎಡಗಡೆಯ ಕುರ್ಚಿಯಲ್ಲೇ ಕೂರುತ್ತೀಯ. ಅಲ್ಲಿ ಕೂತರೆ ನನಗೆ ನಿನ್ನ ಮುಖ ಮಸುಕು, ನನ್ನ ನೋಟ ತಪ್ಪಿಸಿಕೊಳ್ಳಬಹುದೆಂದು ನಿನಗೆ ಗೊತ್ತು. ನಿನಗೆ ಗೊತ್ತೆಂದು ನನಗೂ ಗೊತ್ತು. ಆ ಕುರ್ಚಿಯನ್ನು ಅಂಗಡಿಗೆ ಸಾಗಿಸಿಬಿಟ್ಟಿದ್ದೇನೆ. ಈ ಸಲ ಬಂದಾಗ ಎದುರಿಗೇ ಕೂರಬೇಕು, ಬೇರೆ ಜಾಗವಿಲ್ಲ. ನಿನ್ನ ಹುಬ್ಬಿಗೂ ನರೆ ಬಂದಿದೆಯಂತೆ, ಮಗಳು ಹೇಳಿದಳು. ಅದನ್ನೂ ನಾನು ಬೇರೆಯವರ ಬಾಯಿಂದ ಕೇಳಬೇಕೇ, ಅಣ್ಣಾ?