ದೊರೆ ಮೈ ಕೊಡವಿದ ದಿನ

ಚಿಗರೇನಹಳ್ಳಿ, ಬೇತಮಂಗಲ ಅಂಚೆ
೧೮-೩-೧೯೬೧

ಮಗಳೇ ರತ್ನಮ್ಮ, ನಿನ್ನ ಅಪ್ಪನ ತುಂಬು ಮನಸ್ಸಿನ ಆಶೀರ್ವಾದ.

ಮೈ ಹೇಗಿದೆ? ಏಳು ತಿಂಗಳು ತುಂಬಿತಲ್ಲ, ಕಾಲಿನ ಬಾವು ಇಳಿಯಿತೇ? ಆ ದೂರದ ಹಟ್ಟಿ ಚಿನ್ನದ ಗಣಿಯ ನೀರು ಒಗ್ಗುತ್ತಿಲ್ಲ ಎಂದು ಬರೆದಿದ್ದೆ, ಕಾಯಿಸಿ ಕುಡಿ. ಗಣಿಗೆ ಇಳಿಯುವ ಮುಂಚೆ ಅಳಿಯಂದಿರಿಗೆ ಹೊಟ್ಟೆ ತುಂಬ ಮುದ್ದೆ ಇಕ್ಕು. ನಿನ್ನ ಅಮ್ಮ ಬಾಣಂತನದ ಖಾರ ಕುಟ್ಟಿಟ್ಟು, ದಿನಕ್ಕೆ ನಾಲ್ಕು ಸಲ ಡಬ್ಬಿ ತೆಗೆದು ಮೂಸಿ ನೋಡುತ್ತಾಳೆ.

ಹೆರಿಗೆಗೆ ಬರುವಾಗ ಬಂಗಾರಪೇಟೆಯಲ್ಲಿ ರೈಲು ಇಳಿದು ಬಸ್ಸು ಹತ್ತಿದಾಗ ಕಂಡಕ್ಟರಿಗೆ 'ಹೊರೆಗಲ್ಲು' ಎನ್ನಬೇಡ. ನಮ್ಮ ಮನೆ ಹೇಳು. ಬಸ್ಸು ಈಗ ನಮ್ಮ ಬಾಗಿಲಲ್ಲೇ ನಿಲ್ಲುತ್ತದೆ. ಹೊರೆಗಲ್ಲು ಇಲ್ಲ. ಊರಿಗಾಂ ಗಣಿಯ ಕೂಲಿ ಲೈನುಗಳಿಗೆ ಮೊಸರು, ಸೊಪ್ಪು ಹೊತ್ತು ಹೋಗುವ ಹೆಂಗಸರು ಯಾರ ಕೈಯನ್ನೂ ಬೇಡದೆ ತಲೆಯ ಕುಕ್ಕೆ ಇಳಿಸಿ, ಉಸಿರು ಬಿಟ್ಟು, ಮತ್ತೆ ಹೊತ್ತುಕೊಳ್ಳುತ್ತಿದ್ದರಲ್ಲ, ಆ ಕಲ್ಲನ್ನು ರಸ್ತೆ ಅಗಲ ಮಾಡುತ್ತೇವೆಂದು ಕಿತ್ತರು. ಎರಡು ಕಂಬ ಒಡೆದು ಜಲ್ಲಿಯಾದವು. ಮೇಲಿನ ಹಾಸುಗಲ್ಲು ಕಂಟ್ರಾಕ್ಟರು ಕೋದಂಡಪ್ಪನ ಹೋಟೆಲ್ ಮುಂದೆ ಚರಂಡಿಗೆ ಮುಚ್ಚಳವಾಗಿದೆ. ಕಾಫಿ ಕುಡಿದವರು ಅದರ ಮೇಲೆ ನಿಂತು ಎಲೆಯಡಿಕೆ ಉಗಿಯುತ್ತಾರೆ. ಹೊಂಗೆಮರ ಕಡಿದರು, ದನ ನೀರು ಕುಡಿಯುವ ತೊಟ್ಟಿಗೆ ಮಣ್ಣು ತುಂಬಿದರು. ಇಷ್ಟೆಲ್ಲ ಮಾಡಿದ್ದು ಒಬ್ಬ ದೊಡ್ಡ ಅಧಿಕಾರಿ ಬರುತ್ತಾರೆಂದು. ಅವರು ಬಂದರು, ಕಾರಿನ ಗಾಜು ಕೂಡ ಇಳಿಸದೆ ಹೋದರು.

ಇನ್ನೊಂದು ಸುದ್ದಿ. ನಮ್ಮ ದೊರೆಯೂ ಇಲ್ಲ. ಕೂತುಕೊಂಡು ಓದು ಮಗಳೇ.

ತಾಯಿ ಸತ್ತ ಮರಿಯನ್ನು ನೀನು ರಾಗಿ ಅಂಬಲಿ ಕುಡಿಸಿ ಬದುಕಿಸಿದೆ. ಗಣಿಯ ಬಿಳಿ ದೊರೆಗಳ ಹಾಗೆ ಎದೆಯೆತ್ತಿ ನಡೆಯುತ್ತಾನೆಂದು ಹೆಂಗಸರು ಆ ಹೆಸರಿಟ್ಟರು. ಗಂಗಮ್ಮನಿಗೆ ಬಿಟ್ಟ ಟಗರು ಅವನು. ಆದರೆ ವರ್ಷ ವರ್ಷವೂ ತಲೆಯ ಮೇಲೆ ನೀರು ಸುರಿದರೂ ಮೈ ಕೊಡವಲಿಲ್ಲ. ಕೊಡವದಿದ್ದರೆ ಅಮ್ಮನಿಗೆ ಒಪ್ಪಿಗೆಯಿಲ್ಲ, ಕತ್ತಿ ಎತ್ತುವ ಹಾಗಿಲ್ಲ. ಯಾಕೆ ಕೊಡವುತ್ತಿರಲಿಲ್ಲ ಎಂಬುದು ನಿನಗೂ ನನಗೂ ಮಾತ್ರ ಗೊತ್ತು. ಮರಿಯಾಗಿದ್ದಾಗಿನಿಂದ ದಿನಾ ಬೆಳಿಗ್ಗೆ ತಲೆಗೆ ಚೊಂಬು ನೀರು ಸುರಿದು, ಅಲುಗದೆ ನಿಂತರೆ ಬೆಲ್ಲ ಕೊಟ್ಟು ಪಳಗಿಸಿದವಳು ನೀನಲ್ಲವೇ. ಆರು ವರ್ಷ ಊರವರ ಟಗರಾಗಿ ಬದುಕಿದ. ಹೊರೆ ಹೊತ್ತ ಹೆಂಗಸರ ಜೊತೆ ಊರ ಗಡಿಯವರೆಗೆ ಹೋಗಿ ಬರುತ್ತಿದ್ದ. ಸೊಪ್ಪಿನ ಪೆದ್ದಮ್ಮ "ದೊರೆ ಬತ್ತಾವ್ನೆ ಕಣ್ರೇ, ಸಂಬ್ಳ ಕೊಡ್ರೇ" ಎಂದು ಅವನ ಬಾಯಿಗೊಂದು ಹಿಡಿ ದಂಟು ತುರುಕುತ್ತಿದ್ದಳು.

ರಸ್ತೆ ಮುಗಿದ ದಿನ ಅಮ್ಮನಿಗೆ ಬಲಿ ಆಗಬೇಕು, ಬಂದವರಿಗೆ ಊಟ ಆಗಬೇಕು ಎಂದರು. ಬೇರೆ ಕುರಿ ತರಲು ಕೋದಂಡಪ್ಪನಿಗೆ ಮನಸ್ಸಿಲ್ಲ. "ಅಮ್ಮನ ಟಗರು ಅಮ್ಮನ ತಾವೇ ಓದ್ರೆ ನಿಮ್ದೇನ್ ಓಯ್ತದೆ?" ಎಂದು ನಕ್ಕ. ದೊರೆ ಬೆಳಗಿನಿಂದ, ಕಲ್ಲು ಇದ್ದ ಜಾಗ ಹುಡುಕುತ್ತಾ ಜಲ್ಲಿ ಗುಡ್ಡೆಯ ಪಕ್ಕದಲ್ಲೇ ನಿಂತಿದ್ದ. ಕಿವಿಯೊಳಗೆ, ಕಣ್ಣೊಳಗೆ ಕಲ್ಲುಪುಡಿ. ನೀರು ಬಿತ್ತು. ಕೊಡವಿದ. "ಒಪ್ಕೊಂಡ್ಳು" ಎಂದು ಕೂಗಿದರು. ಪೆದ್ದಮ್ಮ ಮಾತ್ರ "ಥೂ, ನಿಮ್ ಬಾಯಿಗ್ ಮಣ್ ಬೀಳ" ಎಂದು ಕುಕ್ಕೆಯನ್ನು ನೆಲಕ್ಕೆ ಕುಕ್ಕಿದಳು. ಅವಳಿಗೆ ಅದನ್ನು ಮತ್ತೆ ತಲೆಗೆ ಎತ್ತಿಕೊಡಲು ಅಲ್ಲಿ ಕಲ್ಲೂ ಇರಲಿಲ್ಲ, ಯಾರೂ ಏಳಲಿಲ್ಲ; ಸೊಂಟಕ್ಕೆ ಇಟ್ಟುಕೊಂಡು ನಡೆದಳು. ಇಂಥ ಊರಿನಲ್ಲಿ ಹುಟ್ಟಿದೆನಲ್ಲ ಎಂದು ಹೇಸಿಗೆಯಾಗುತ್ತದೆ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಹೊಟ್ಟೆಯಲ್ಲಿರುವ ಕೂಸಿಗೆ ತಾತನ ಮುತ್ತು. ಗಂಗಮ್ಮ ನಿಮ್ಮನ್ನು ಕಾಯಲಿ.

ಇಂತಿ ನಿನ್ನ ಅಪ್ಪ,
ಮುನಿನಾರಾಯಣಪ್ಪ

ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನೀರು ಸುರಿದ ಚೊಂಬು ನನ್ನ ಕೈಯಲ್ಲಿತ್ತು. ಊರ ಹಿರಿಯ ನಾನೇ ತಾನೇ. ಅವನು ಕೊಡವಿದ್ದು ಕಲ್ಲುಪುಡಿಗೆ ಎಂದು ನನಗೆ ಕಂಡಿತ್ತು. ಎಲ್ಲರೂ ನನ್ನ ಮುಖ ನೋಡಿದರು. ತುಂಬಿದ ಬಸುರಿ ಮಗಳು ಬಿಸಿಲಲ್ಲಿ ನಡೆಯಬಾರದು, ಬಸ್ಸು ನಿಮ್ಮ ಬಾಗಿಲಿಗೇ ನಿಲ್ಲಿಸಿಕೊಡುತ್ತೇನೆ ಎಂದು ಕೋದಂಡಪ್ಪ ಹಿಂದಿನ ದಿನವೇ ಹೇಳಿದ್ದ. ಅಮ್ಮ ಒಪ್ಪಿದಳೆಂದು ನಾನು ತಲೆ ಆಡಿಸಿದೆ. ದೊರೆ ಸಾಯುವ ಮುಂಚೆ ನನ್ನ ಕೈ ಮೂಸಿದ, ಬೆಲ್ಲಕ್ಕೆ. ನಿನ್ನ ಅಮ್ಮನಿಗೆ ಇದು ಗೊತ್ತಿಲ್ಲ. ಬರುತ್ತೀಯೋ ಇಲ್ಲವೋ, ಒಂದು ಸಾಲು ಬರೆ.