ಅಲೆಸ್ಯಾಳ ಭಾಷೆಗೆ ನೀವು ಕೊಟ್ಟ ತೀರ್ಪು

ಖಸಬ್
30 ನವೆಂಬರ್ 2025

ಸುಕೇಶರಿಗೆ,

ಕ್ಷೇಮ ಸಮಾಚಾರ ಕೇಳುವಷ್ಟು ಸೌಜನ್ಯ ಈ ವಾರ ನನ್ನಲ್ಲಿ ಉಳಿದಿಲ್ಲ. ನೀವು ಚೆನ್ನಾಗಿಯೇ ಇರುತ್ತೀರಿ. ತಮ್ಮ ಮಾತು ತಮಗೇ ಇಂಪಾಗಿ ಕೇಳುವವರಿಗೆ ಕಾಯಿಲೆ ಬರುವುದು ಕಡಿಮೆ. ವಾಟ್ಸಾಪ್‌ನಲ್ಲಿ ಬರೆದರೆ ಓದಿ ಸುಮ್ಮನಾಗುತ್ತೀರಿ, ಅದಕ್ಕೇ ಕಾಗದ. ನಮ್ಮ ಆಫೀಸಿನ ಆಫಿಯಾ ನಾಳೆ ಮಸ್ಕತ್ತಿಗೆ ಹೊರಟಿದ್ದಾಳೆ, ಮತ್ರಾದ ನಿಮ್ಮ ಅಂಗಡಿಗೇ ತಂದು ಕೊಡುತ್ತಾಳೆ.

ರಾಷ್ಟ್ರೀಯ ದಿನದ ರಜೆಗೆ ಮಗಳನ್ನು ಕರೆದುಕೊಂಡು ಬಂದಿರಿ. ಬೇರೆಯಾಗಿ ಎರಡು ವರ್ಷವಾದ ಮೇಲೆ ನನ್ನನ್ನು ಮನೆಗೆ ಕರೆಯಲು ಬಂದಿದ್ದೀರೆಂದು ಒಂದು ಗಳಿಗೆ ಖುಷಿಪಟ್ಟೆ. ಅದು ನನ್ನ ದಡ್ಡತನ. ಕರೆಯ ಜೊತೆಗೆ ಷರತ್ತೂ ಬಂತು: ಪ್ರಣೀತಾಳ ಹತ್ತಿರ ತುಳು ಮಾತಾಡಕೂಡದು, ಅವಳ ಇಂಗ್ಲಿಷ್ ಕೆಡುತ್ತದೆ, ಕ್ಲಾಸಿನಲ್ಲಿ ನಗುತ್ತಾರೆ. ಒಪ್ಪದಿದ್ದರೆ ಶುಕ್ರವಾರದ ಫೋನೂ ಖಲಾಸ್. ವಾರಕ್ಕೆ ಅರ್ಧ ಗಂಟೆ ಹೆತ್ತ ಮಗಳ ದನಿ ಕೇಳಲು ನಿಮ್ಮ ಪರವಾನಗಿ! ವೀಸಾ ಕೊಟ್ಟ ಕಫೀಲ್ ಕೂಡ ಇಷ್ಟು ಕಾನೂನು ಮಾಡುವುದಿಲ್ಲ.

ಮರುದಿನ ನಿಮ್ಮಿಬ್ಬರನ್ನೂ ನಾನು ಗೈಡ್ ಆಗಿರುವ ಪ್ರವಾಸಿ ದೋಣಿಗೆ ಹತ್ತಿಸಿಕೊಂಡೆನಲ್ಲ, ಅದಕ್ಕೆ ನನ್ನನ್ನೇ ಬೈದುಕೊಳ್ಳುತ್ತಿದ್ದೇನೆ. ಅಂದು ಬಂದ ಪ್ರವಾಸಿಗರಲ್ಲಿ ಮಿನ್ಸ್ಕ್‌ನ ಅಲೆಸ್ಯಾ ಮತ್ತು ಅವಳ ತಾಯಿ ಇದ್ದರು. ನಮ್ಮ ಪಟ್ಟಿಯಲ್ಲಿ ಮಾಸ್ಕೋದವರಿಗೂ ಮಿನ್ಸ್ಕ್‌ನವರಿಗೂ ಒಂದೇ ಭಾಷೆ, ರಷ್ಯನ್ ಎಂದೇ ಬರೆಯುತ್ತೇವೆ. ಆ ತಾಯಿ ಮಗಳು ದಿಂಬಿಗೆ ಒರಗಿ ಬೇರೇನೋ ಮಾತಾಡಿಕೊಳ್ಳುತ್ತಿದ್ದರು. ಆರು ವರ್ಷದಿಂದ ಪ್ರವಾಸಿಗರ ಬಾಯಿಂದ ರಷ್ಯನ್ ಕಲಿತ ನನಗೂ ಅರ್ಧಕ್ಕರ್ಧ ತಿಳಿಯಲಿಲ್ಲ. ಯಾವ ಭಾಷೆ ಎಂದು ಕೇಳಿದೆ. ಬೆಲರೂಸಿಯನ್ ಎಂದಳು ಅಲೆಸ್ಯಾ.

ಅಷ್ಟು ಸಾಕಾಯಿತು ನಿಮಗೆ. ಫೋನಿನಲ್ಲಿ ಆರು ತಿಂಗಳು ರಷ್ಯನ್ ಪಾಠ ಕೇಳಿದ ಪಂಡಿತರು ನಡುವೆ ಎದ್ದು ನಿಂತಿರಿ. ಅದೇನು ಬೇರೆ ಭಾಷೆಯಲ್ಲ, ಹಳ್ಳಿಯವರ ಬಾಯಲ್ಲಿ ಕೆಟ್ಟ ರಷ್ಯನ್ ಎಂದು ಅವಳಿಗೇ ಇಂಗ್ಲಿಷಿನಲ್ಲಿ ತಿಳಿಸಿಕೊಟ್ಟಿರಿ. "ಸೇಮ್ ಸೇಮ್ ಮೇಡಂ, ಲೈಕ್ ಅವರ್ ತುಳು ಆ್ಯಂಡ್ ಕನ್ನಡ" ಎಂಬ ಒಗ್ಗರಣೆ ಬೇರೆ! ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಿಮಗೆ ಬಂದದ್ದು ಐಶ್ವರ್ಯವೂ ಅಲ್ಲ, ನಲವತ್ತು ಪದ.

ಒಂದೇ ಏಟಿಗೆ ನಾಲ್ಕು ಭಾಷೆಗಳಿಗೆ ಅವಮಾನ ಮಾಡಲು ಬೇರೆ ಯಾರಿಂದಲೂ ಆಗದು. ಕಿವಿ ಇದ್ದಿದ್ದರೆ ಕೇಳಿಸುತ್ತಿತ್ತು. ಧನ್ಯವಾದಕ್ಕೆ ರಷ್ಯನರು ಸ್ಪಸೀಬ ಎನ್ನುವಲ್ಲಿ ಅಲೆಸ್ಯಾಳ ತಾಯಿ ಜ್ಯಾಕುಯ್ ಎನ್ನುತ್ತಾಳೆ. ಅವರ ಕರ್ತೋಷ್ಕ ಇವರಿಗೆ ಬುಲ್ಬ. ಆಲೂಗೆಡ್ಡೆ ಅದೇ, ಹೆಸರು ಬೇರೆ. ಲಿಪಿ ಹೆಚ್ಚುಕಡಿಮೆ ಒಂದೇ, ಎಷ್ಟೋ ಮಾತು ಅಕ್ಕಪಕ್ಕದ್ದು, ಉಳಿದದ್ದಕ್ಕೆ ಪೋಲಿಷ್, ಉಕ್ರೇನಿಯನ್ ಹತ್ತಿರ ಎಂದಳು ಅಲೆಸ್ಯಾ. ರಷ್ಯನ್‌ನಲ್ಲಿ ನವೆಂಬರ್‌ಗೆ ನಯಾಬ್ರ್, ಊರೆಲ್ಲ ಬಳಸುವ ಹೆಸರೇ. ಬೆಲರೂಸಿಯನ್‌ನಲ್ಲಿ ಲಿಸ್ತಪಾದ್, ಎಲೆ ಉದುರುವ ತಿಂಗಳು. ತುಳುವರಾದ ನಮಗೂ ಪಗ್ಗು, ಬೇಶ, ಜಾರ್ದೆ ಎಂದು ನಮ್ಮದೇ ತಿಂಗಳುಗಳಿವೆ ಎಂದೆ. ಅಲೆಸ್ಯಾ ಒಂದೊಂದನ್ನೂ ಹೇಳಿಸಿ ಬರೆದುಕೊಂಡಳು. ನಿಮಗೆ ಹನ್ನೆರಡೂ ಬಾಯಿಗೆ ಬರುತ್ತದೆಯೇ? ಅನುಮಾನ.

ನಮ್ಮ ದೋಣಿ ನಡೆಸುವವರು ಕುಮ್‌ಝಾರ್ ಊರಿನವರು. ಅವರ ಭಾಷೆಯನ್ನು ಆಡುವವರು ಕೆಲವು ಸಾವಿರ ಮಂದಿ ಇದ್ದರೆ ಹೆಚ್ಚು. ಆದರೂ ಚುಕ್ಕಾಣಿ ಹಿಡಿದು, ಅರಬ್ಬಿ ಬಲ್ಲವರೆದುರು, ಅಣ್ಣನ ಜೊತೆ ಅದೇ ಭಾಷೆಯಲ್ಲಿ ಗಟ್ಟಿಯಾಗಿ ಜಗಳವಾಡುತ್ತಾರೆ. ನೀವೋ, ನಿಮ್ಮ ತಾಯಿಗೆ ಫೋನ್ ಮಾಡಬೇಕಾದರೆ ಕಟ್ಟಡದ ಮೆಟ್ಟಿಲ ಕೆಳಗೆ ಹೋಗಿ ಕಳ್ಳಮಾಲು ಸಾಗಿಸುವವರಂತೆ ಪಿಸುಗುಟ್ಟುತ್ತೀರಿ. ಅತ್ತೆಗೆ ತುಳು ಬಿಟ್ಟರೆ ಬೇರೆ ಗೊತ್ತಿಲ್ಲ, ಪಾಪ, ತಮ್ಮ ಕಿವಿಯೇ ಮಂದವಾಗಿದೆ ಎಂದೇ ನಂಬಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎನ್ನುವವರನ್ನು ನೋಡಿದ್ದೆ, ಹಿತ್ತಲೇ ಇಲ್ಲ ಎನ್ನುವವರನ್ನು ನಿಮ್ಮಲ್ಲೇ ನೋಡಿದ್ದು.

ಭಾಷಣ ಮುಗಿಯುವಷ್ಟರಲ್ಲಿ ದೋಣಿ ವಾಲಿ ನಿಮ್ಮ ಮೊಣಕಾಲು ಹಲಗೆಗೆ ಬಡಿಯಿತು. ಆಗ ಬಾಯಿಂದ ಬಂದದ್ದು ಇಂಗ್ಲಿಷೂ ಅಲ್ಲ, ರಷ್ಯನ್ನೂ ಅಲ್ಲ. "ಅಪ್ಪೇ!" ಎಂದು ತುಳುವಿನಲ್ಲೇ ಅಮ್ಮನನ್ನು ಕೂಗಿದಿರಿ. ಅಷ್ಟು ನೋವಿನಲ್ಲೂ ನೀವು ಸುತ್ತ ನೋಡಿದ್ದು ಯಾರಾದರೂ ಕೇಳಿಸಿಕೊಂಡರೋ ಎಂದು. ನನಗೆ ನಗುವೂ ಬಂತು, ಅಸಹ್ಯವೂ ಆಯಿತು.

ಆಮೇಲೆ ಅರಬ್ಬಿ ಕಾಫಿ, ಕಹ್ವಾ ಕೊಡುವಾಗ ಅಲೆಸ್ಯಾ ನನ್ನ ಹತ್ತಿರ ರಷ್ಯನ್‌ನಲ್ಲಿ ಹೇಳಿದಳು. ಚಿಕ್ಕವಳಿದ್ದಾಗ ಬಸ್ಸಿನಲ್ಲಿ ಅಮ್ಮ ಬಾಯಿ ತೆರೆದರೆ ನಾಚಿಕೆಯಾಗಿ ಕಿಟಕಿಯ ಕಡೆ ತಿರುಗುತ್ತಿದ್ದಳಂತೆ. ಈಗ ಅವಳ ಮಗಳು ಅಜ್ಜಿಗೆ ರಷ್ಯನ್‌ನಲ್ಲೇ ಉತ್ತರ ಕೊಡುತ್ತಾಳೆ. ಅಜ್ಜಿ ತಲೆಯಾಡಿಸುತ್ತಾಳೆ, ಮೊದಲಿನಂತೆ ಕಥೆ ಹೇಳುವುದಿಲ್ಲ. ಇದನ್ನು ಕೇಳಿ ನನ್ನ ಕಹ್ವಾ ಲೋಟವನ್ನು ಕೆಳಗಿಟ್ಟೆ. ಫೋನಿನಲ್ಲಿ "ಒಣಸ್ ಆಂಡಾ" ಎಂದು ನಾನು ಊಟದ ವಿಚಾರ ಕೇಳಿದರೆ "ಯೆಸ್ ಮಮ್ಮಾ" ಎನ್ನುವ ಹತ್ತು ವರ್ಷದ ಹುಡುಗಿ ನನಗೂ ಒಬ್ಬಳಿದ್ದಾಳೆ.

ಅಂದು ದೋಣಿ ದಡ ಸೇರುವವರೆಗೆ ಪ್ರಣೀತಾ ಒಂದು ಮಾತೂ ಆಡಲಿಲ್ಲ. ಡಾಲ್ಫಿನ್ ಬಂದಾಗ ಎಲ್ಲರೂ ಶಿಳ್ಳೆ ಹಾಕಿದರು, ಅವಳು ತಲೆ ಎತ್ತಲಿಲ್ಲ. ಅದಕ್ಕೂ ನಿಮ್ಮ ಭಾಷಣವೇ ಕಾರಣ, ನೆನಪಿರಲಿ.

ನನ್ನ ಉತ್ತರ ಇಷ್ಟೇ. ಆ ಷರತ್ತಿನ ಮೇಲೆ ನಾನು ಬರುವುದಿಲ್ಲ. ಫೋನು ನಿಲ್ಲಿಸಿದರೆ ಪ್ರತಿ ತಿಂಗಳೂ ವಿಮಾನ ಹತ್ತಿ ಬಂದು ನಿಮ್ಮ ಅಂಗಡಿಯ ಮುಂದೆ ನಿಂತು, ಮತ್ರಾದ ಗಲ್ಲಿಗೆಲ್ಲ ಕೇಳುವಂತೆ ಅವಳನ್ನು ತುಳುವಿನಲ್ಲಿ ಕರೆಯುತ್ತೇನೆ.

ಇತಿ, ಸದ್ಯಕ್ಕೆ ಪ್ರಣೀತಾಳ ಅಮ್ಮ ಮಾತ್ರ ಆಗಿರುವ
ಮೋಹಿನಿ

ಸಹಿ ಹಾಕಿದ ಮೇಲೆ: ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ಒಂದು ಸುಳ್ಳು ಬರೆದಿದ್ದೇನೆ. ನೀವು ಮೊಣಕಾಲು ಉಜ್ಜಿಕೊಳ್ಳುತ್ತಾ ಆಚೆ ಹೋದ ಮೇಲೆ ಪ್ರಣೀತಾ ನನ್ನ ಹತ್ತಿರ ಬಂದು, ಎಲ್ಲರೆದುರು ಗಟ್ಟಿಯಾಗಿ, "ಅಮ್ಮಾ, ಆರೆಡ ತುಳುಟು ಒಂಜಿ ಪಾತೆರ ಪನ್ಲ" ಎಂದಳು. ಅಲೆಸ್ಯಾ ಅವರ ಹತ್ತಿರ ತುಳುವಿನಲ್ಲಿ ಒಂದು ಮಾತು ಹೇಳು ಎಂದು ನನ್ನ ಮಗಳು ತುಳುವಿನಲ್ಲೇ ಕೇಳಿದಳು, ಎರಡು ವರ್ಷದಲ್ಲಿ ಮೊದಲ ಸಲ. ಎದುರಿಗೆ ನಮ್ಮ ಮ್ಯಾನೇಜರ್ ಶರ್ಫುದ್ದೀನ್ ಕೂತಿದ್ದರು. ನಾನು "ನಾಟ್ ಹಿಯರ್, ಪುಟ್ಟಾ. ಗೆಸ್ಟ್ಸ್ ಆರ್ ಲಿಸನಿಂಗ್" ಎಂದೆ. ಅವಳು ಬಾಯಿ ಮುಚ್ಚಿದ್ದು ಆಗ. ನಿಮ್ಮನ್ನು ಬೈಯುವುದು ಸುಲಭವಾಗಿತ್ತು. ಈ ಶುಕ್ರವಾರ ಒಂದು ಸಲ ಫೋನನ್ನು ಅವಳ ಕೈಗೆ ಕೊಡಿ. ಬೇಕಿದ್ದರೆ ನೀವೂ ಪಕ್ಕದಲ್ಲಿ ಕೂತು ಕೇಳಿ. ತಪ್ಪಾಯಿತು ಎಂದು ನಾನು ಅವಳಿಗೆ ತುಳುವಿನಲ್ಲಿ ಹೇಳಬೇಕು. ಅವಳು ಯಾವ ಭಾಷೆಯಲ್ಲಿ ಉತ್ತರ ಕೊಟ್ಟರೂ ಕೇಳಿಸಿಕೊಳ್ಳುತ್ತೇನೆ.